ಹವಳಕ್ಕೆ ಲೈಟ್: ವ್ಯಾಟ್ ಅಲ್ಲ, ಪಾರ್ ಕೇಳಿ

ಮನೆಯ ಅಕ್ವೇರಿಯಂನಲ್ಲಿ ಹವಳ ಸಾಕೋ ಆಸೆನಾ? ಲೈಟ್ ಕೊಳ್ಳೋ ಮುಂಚೆ ಇದನ್ನ ಕೇಳಿ. ಹವಳ ಒಂದು ಪ್ರಾಣಿ. ಆದರೆ ಅದರ ಮೈಯೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಕೊಡುತ್ತೆ. ಹಾಗಾಗಿ ಬಾಕ್ಸ್ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ಪಾಚಿಗೆ ಸಿಗೋ ಬೆಳಕಿನ ಅಳತೆ, ಅಂದ್ರೆ ‘ಪಾರ್’ ಎಷ್ಟು ಅಂತ ಕೇಳಿ.

ಮಶ್ರೂಮ್‌ನಂಥ ಮೆತ್ತನೆ ಹವಳಕ್ಕೆ ಸುಮಾರು 50ರಿಂದ 100 ಪಾರ್ ಸಾಕು. ನೀಲಿ ಹೆಚ್ಚಿರೋ, ಮಂದ ಮಾಡಬಹುದಾದ ಸಾದಾ ಎಲ್‌ಇಡಿ ನಡೆಯುತ್ತೆ. ಅಕ್ರೋಪೊರಾದಂಥ ಗಟ್ಟಿ ಹವಳಕ್ಕೆ 200 ದಾಟಬೇಕು, ಖರ್ಚು ಏರೋದು ಅಲ್ಲೇ. ಮೇಲಾಗಿ, ಗಟ್ಟಿ ಹವಳವನ್ನ ನಮ್ಮ ಕಡಲಿಂದ ಕೀಳೋದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಮೊದಲ ದಿನವೇ ಫುಲ್ ಬೆಳಕು ಬೇಡ. ಜಾಸ್ತಿಯಾದ್ರೆ ಹವಳ ಪಾಚಿಯನ್ನ ಹೊರಹಾಕಿ, ಬಿಳಿಚಿಕೊಂಡು ಸಾಯಬಹುದು. ಕಡಿಮೆಯಿಂದ ಶುರು ಮಾಡಿ, ವಾರವಾರ ಸ್ವಲ್ಪ ಏರಿಸಿ.