ಉಕ್ಕಿನ ಬಾಗು ಮತ್ತು ಬಿರುಕು

ಕ್ರೇನುಗಳ ತೋಳು, ಗಣಿಯ ಲಾರಿಗಳ ತೊಟ್ಟಿ ಮೊದಲಾದುವಕ್ಕೆ ಬಳಸುವ, ಕಾಸಿ ತಣಿಸಿ ಹದಗೊಳಿಸಿದ ಮಿಶ್ರಲೋಹದ ಉಕ್ಕಿನ ಹಲಗೆಯು, ಚದರ ಮಿಲಿಮೀಟರಿಗೆ 690 ನ್ಯೂಟನ್ನುಗಳಷ್ಟು ಸೆಳೆತವನ್ನು ತಾಳಿಯೂ ರೂಪಗೆಡದಷ್ಟು ಬಲಿಷ್ಠವಾದರೂ, ಸಾಮಾನ್ಯ ಉಕ್ಕಿನಂತೆ ಧಾರಾಳವಾಗಿ ಹಿಗ್ಗಲಾರದು. ಹಲಗೆಯನ್ನು ಬಾಗಿಸಿದಾಗ ಒಳಮೈ ಕುಗ್ಗಿ ಹೊರಮೈ ಹಿಗ್ಗುವುದರಿಂದ, ಆ ಹಿಗ್ಗುವಿಕೆಯು ಲೋಹದ ತನ್ಯತೆಯನ್ನು ಮೀರಿದೊಡನೆ ಬಿರುಕು ಹುಟ್ಟುವುದು. 10 ಮಿ.ಮೀ. ದಪ್ಪದ ಹಲಗೆಯನ್ನು 10 ಮಿ.ಮೀ. ಒಳತ್ರಿಜ್ಯದಲ್ಲಿ ಬಾಗಿಸಿದರೆ ಹೊರಮೈಯು ಸುಮಾರು ಶೇಕಡಾ 33ರಷ್ಟು ಹಿಗ್ಗಬೇಕಾಗುವುದು. ತ್ರಿಜ್ಯವನ್ನು 30 ಮಿ.ಮೀ.ಗೆ ಏರಿಸಿದರೆ ಅದು ಸುಮಾರು ಶೇಕಡಾ 14ಕ್ಕೆ ಇಳಿಯುವುದು. ಆದಕಾರಣ ವಿಶಾಲವಾದ ತ್ರಿಜ್ಯವೇ ಪ್ರಥಮ ರಕ್ಷೆ.

ಉರುಳೆಗಳ ನಡುವೆ ಹಾಯುವಾಗ ಉಕ್ಕಿನೊಳಗಣ ಮ್ಯಾಂಗನೀಸ್ ಸಲ್ಫೈಡಿನ ಕಣಗಳು ಎಳೆಯೆಳೆಯಾಗಿ ನೀಳುವುದರಿಂದ, ಬಾಗಿನ ರೇಖೆಯು ಆ ಎಳೆಗಳಿಗೆ ಸಮಾಂತರವಾಗಿದ್ದರೆ, ಮರದ ಸೀಳು ಅದರ ನಾರಿನ ಗುಂಟ ಓಡುವಂತೆ ಬಿರುಕು ಸುಲಭವಾಗಿ ಹಬ್ಬುವುದು. ರೇಖೆಯು ಉರುಳಿಕೆಯ ದಿಕ್ಕಿಗೆ ಅಡ್ಡವಾಗಿದ್ದರೆ ಲೇಸು. ಅನಿಲಜ್ವಾಲೆಯಿಂದ ಕತ್ತರಿಸಿದ ಅಂಚು ಥಟ್ಟನೆ ತಣಿದು ಪೆಡಸಾಗುವುದರಿಂದ, ಬಾಗಿಸುವ ಮುನ್ನ ಅದನ್ನು ಸಾಣೆಹಿಡಿದು, ಹೊರಮಗ್ಗುಲ ಮೂಲೆಯನ್ನು ದುಂಡಾಗಿಸುವುದು ಅವಶ್ಯ. ಚಳಿಹಿಡಿದ ಹಲಗೆಯನ್ನು ತುಸು ಬೆಚ್ಚಗಾಗಿಸುವುದು ಹಿತವೇ ಸರಿ. ಆದರೆ ಹದಗೊಳಿಸಿದ ಉಷ್ಣತೆಯನ್ನು ಮೀರಿ ಕಾಸಿದಲ್ಲಿ, ಬಿರುಕು ತಪ್ಪಿದರೂ, ಯಾವ ಬಲಕ್ಕಾಗಿ ಆ ಉಕ್ಕನ್ನು ಆರಿಸಿದೆವೋ ಆ ಬಲವೇ ಕುಂದುವುದು.