ಗಾಳಿಯಿಲ್ಲದ ಹಾದಿಯಲ್ಲಿ ಬೆಳಕಿನ ಪಯಣ

ಕೆಲವು ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೆ. ಅಂದು ವಿಜ್ಞಾನದ ಶಿಕ್ಷಕಿ ರಜೆಯಲ್ಲಿದ್ದುದರಿಂದ ಒಂಬತ್ತನೇ ತರಗತಿಯ ಪಾಠ ನನ್ನ ಪಾಲಿಗೆ ಬಂತು. ಶಬ್ದದ ಪಾಠ. ಗಾಜಿನ ಜಾಡಿಯೊಳಗೆ ಒಂದು ವಿದ್ಯುತ್ ಗಂಟೆ ಬಾರಿಸುತ್ತಿರುತ್ತದೆ. ಪಂಪಿನಿಂದ ಜಾಡಿಯ ಗಾಳಿಯನ್ನು ಹೊರತೆಗೆದಂತೆಲ್ಲ ಸದ್ದು ಕ್ಷೀಣಿಸುತ್ತದೆ. ಪುಸ್ತಕದಲ್ಲಿದ್ದುದನ್ನು ಓದಿ ಹೇಳಿ, ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ಗಾಳಿ ತಗದ ಮ್ಯಾಲೆ ಗಂಟಿ ಸಪ್ಪಳ ಕೇಳಂಗಿಲ್ಲ. ಆದ್ರ ಗಂಟಿ ಕಾಣತೈತೇನ್ರಿ?”

“ಕಾಣುತ್ತದೆ” ಎಂದೆ.

“ಹಂಗಾದ್ರ ಬೆಳಕಿಗೆ ಗಾಳಿ ಬ್ಯಾಡೇನ್ರಿ? ಮತ್ತ ಅದು ಯಾವುದರ ಮ್ಯಾಲೆ ಬರತೈತಿ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆಯೂ ಏಳಲಿಲ್ಲ. “ಪರೀಕ್ಷೆಗೆ ಬರೋದನ್ನಷ್ಟು ಕೇಳು, ಕೂತ್ಕೋ” ಎಂದುಬಿಟ್ಟೆ. ಹುಡುಗಿ ಕೂತಳು. ಆಮೇಲೆ ಹಲವು ದಿನ ನನ್ನ ಕನ್ನಡದ ಪಾಠದಲ್ಲೂ ಅವಳು ಬಾಯಿ ಬಿಡಲಿಲ್ಲ.

ನಾನು ಮೊದಲು ಓದಿದ್ದು ಮದ್ರಸದಲ್ಲಿ. ಬಿ.ಎ. ಮಾಡಿದ್ದು ಆಮೇಲೆ. ನಮ್ಮ ಹಳೆಯ ಪಠ್ಯಕ್ರಮದಲ್ಲಿ ‘ಹಿದಾಯತುಲ್ ಹಿಕ್ಮಾ’ ಎಂಬ ಗ್ರಂಥವಿತ್ತು. ಹದಿಮೂರನೇ ಶತಮಾನದ ಅಸೀರುದ್ದೀನ್ ಅಬ್ಹರಿಯವರದು. ಏನೂ ಇಲ್ಲದ ಖಾಲಿ ಜಾಗಕ್ಕೆ ಅರಬಿಯಲ್ಲಿ ‘ಖಲಾ’ ಎನ್ನುತ್ತಾರೆ. ಅಂಥ ಖಲಾ ಇರುವುದೇ ಅಸಾಧ್ಯ ಎಂದು ಆ ಗ್ರಂಥ ವಾದಿಸುತ್ತದೆ. ಅದರ ಮೂಲ ಗ್ರೀಸಿನ ಅರಿಸ್ಟಾಟಲ್. ಕಲಾಂ ಶಾಸ್ತ್ರದ ವಿದ್ವಾಂಸರು ಹಲವರು ಈ ಮಾತನ್ನು ಒಪ್ಪಿರಲಿಲ್ಲ ಎಂಬುದನ್ನೂ ನಮ್ಮ ಉಸ್ತಾದರು ಹೇಳಿದ್ದರು. ಪ್ರಾಯಶಃ ನಾನು ಆ ದಿನ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಇಟಲಿಯ ಟೊರಿಚೆಲ್ಲಿ 1643-44ರಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಬೋರಲು ಹಾಕಿ, ಅದರ ತುದಿಯಲ್ಲಿ ಖಾಲಿ ಜಾಗ ಮಾಡಿ ತೋರಿಸಿದ. ಆ ಖಾಲಿ ಜಾಗದ ಆಚೆಗಿನ ವಸ್ತು ನೋಡುವವರಿಗೆ ಎಂದಿನಂತೆ ಕಾಣುತ್ತಿತ್ತು. ಆಗಲೇ ಅರ್ಧ ಉತ್ತರ ಸಿಕ್ಕಿತ್ತು.

ನನಗೆ ಉತ್ತರ ಸಿಕ್ಕಿದ್ದು ಮಾತ್ರ ಅಡುಗೆಮನೆಯಲ್ಲಿ. ರಮಝಾನಿನಲ್ಲಿ ಸಹ್ರಿಯ ಚಹಾಕ್ಕೆಂದು ಮನೆಯಲ್ಲೊಂದು ಹಳೆಯ ಫ್ಲಾಸ್ಕ್ ಇತ್ತು, ಒಳಗೆ ಗಾಜಿನ ರಿಫಿಲ್ ಇರುವಂಥದ್ದು. ಒಂದು ದಿನ ರಾತ್ರಿ ಹಾಕಿಟ್ಟ ಚಹಾ ಸಹ್ರಿಯ ಹೊತ್ತಿಗೆ ತಣ್ಣಗಾಗಿತ್ತು. ಬಿಚ್ಚಿ ನೋಡಿದರೆ ಗಾಜು ಒಡೆದಿರಲಿಲ್ಲ. ತಳದಲ್ಲಿ ಮೊಲೆತೊಟ್ಟಿನಂಥ ಒಂದು ಸಣ್ಣ ಗಾಜಿನ ಮೊನೆ ಇರುತ್ತದೆ, ಅದು ಮಾತ್ರ ಮುರಿದಿತ್ತು. ಫ್ಲಾಸ್ಕಿಗೆ ಎರಡು ಪದರ ಗಾಜು. ನಡುವಿನ ಗಾಳಿಯನ್ನು ಎಳೆದು ತೆಗೆದು, ಆ ಮೊನೆಯನ್ನು ಕರಗಿಸಿ ಮುಚ್ಚಿರುತ್ತಾರೆ. ಮೊನೆ ಮುರಿದರೆ ಗಾಳಿ ಒಳನುಗ್ಗುತ್ತದೆ. ಗಾಳಿ ಬಂದಲ್ಲಿ ಬಿಸಿಗೆ ಹೊರಹೋಗಲು ದಾರಿಯಾಯಿತು.

ಇಲ್ಲಿಯವರೆಗೆ ಸರಿ. ಆದರೆ ಆ ಗಾಜಿಗೆ ಕನ್ನಡಿಯಂತೆ ಬೆಳ್ಳಿ ಬಳಿದಿರುವುದೇಕೆ? ಅಂದಕ್ಕಲ್ಲ, ಯಾಕೆಂದರೆ ಅದು ಹೊರಗೆ ಕಾಣುವುದೇ ಇಲ್ಲ. ಒಲೆಯ ಕೆಂಡದ ಮುಂದೆ ಕೂತರೆ ಮುಖಕ್ಕೆ ತಾಗುವ ಬಿಸಿ ಇದೆಯಲ್ಲ, ಅದು ಬೆಳಕಿನದೇ ಸಂಬಂಧಿ, ಕಣ್ಣಿಗೆ ಕಾಣದ ಕಿರಣ. ಬಿಸಿ ಚಹಾದಿಂದಲೂ ಅದು ಹೊರಡುತ್ತದೆ. ಗಾಳಿಯಿಲ್ಲದ ಜಾಗ ಅದನ್ನು ತಡೆಯಲಾರದು, ಸಲೀಸಾಗಿ ದಾಟಿಬಿಡುತ್ತದೆ. ಅದನ್ನು ಮರಳಿ ಒಳಕ್ಕೆ ಅಟ್ಟಲೆಂದೇ ಬೆಳ್ಳಿಯ ಲೇಪ. 1892ರಲ್ಲಿ ಲಂಡನ್ನಿನ ಜೇಮ್ಸ್ ಡಿವಾರ್ ಇಂಥ ಪಾತ್ರೆ ಮಾಡಿದ್ದು ಚಹಾಕ್ಕಲ್ಲ, ಅತಿ ತಣ್ಣಗಿನ ದ್ರವಗಳನ್ನು ಇಡಲಿಕ್ಕೆ. ಪ್ರಯೋಗಾಲಯದ ಇಂಥ ಕೆಲವು ಗಾಜಿನ ಪಾತ್ರೆಗಳಲ್ಲಿ ಒಂದು ಪಟ್ಟಿಯಷ್ಟು ಜಾಗಕ್ಕೆ ಬೆಳ್ಳಿ ಬಳಿಯದೆ ಬಿಡುತ್ತಾರೆ. ಒಳಗೆ ದ್ರವ ಎಷ್ಟಿದೆಯೆಂದು ಆ ಪಟ್ಟಿಯಿಂದ ನೋಡಬಹುದು. ನೋಡಲಾಗುತ್ತದೆ ಎಂದರೆ ಬೆಳಕು ಆ ಖಾಲಿ ಜಾಗವನ್ನು ದಾಟಿ ಬರುತ್ತಿದೆ ಎಂದೇ ಅಲ್ಲವೇ?

ಅಮ್ಮಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವರು ಹೊಸ ರಿಫಿಲ್ ತರಲು ಹೇಳಿ, ಆಮೇಲೆ ತಡೆದು ಕೇಳಿದರು: “ಹಾಗಾದರೆ ಸೂರ್ಯನಿಂದ ಇಲ್ಲಿಯವರೆಗೂ ಏನೂ ಇಲ್ಲವೇ?”

ಹೆಚ್ಚುಕಡಿಮೆ ಏನೂ ಇಲ್ಲ. ಸೂರ್ಯನಿಗೂ ನಮಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್. ನಮ್ಮ ಗಾಳಿಯ ಹೊದಿಕೆ ಅದರಲ್ಲಿ ಲೆಕ್ಕಕ್ಕೇ ಬಾರದಷ್ಟು ತೆಳು. ಉಳಿದ ಹಾದಿಯಲ್ಲಿ ಕಣಗಳು ತೀರಾ ವಿರಳ. ಬೆಳಕು ಆ ಹಾದಿಯನ್ನು 8 ನಿಮಿಷ 20 ಸೆಕೆಂಡಿನಲ್ಲಿ ದಾಟುತ್ತದೆ. ಸೂರ್ಯ ಸದಾ ಕುದಿಯುತ್ತಿರುತ್ತಾನೆ, ಆದರೆ ಅದರ ಸದ್ದು ನಮ್ಮನ್ನು ಮುಟ್ಟುವುದಿಲ್ಲ. ಹುಡುಗಿ ಕೇಳಿದ ಜಾಡಿಯ ಗಂಟೆಯೇ ಅದು, ಕಾಣುತ್ತದೆ, ಕೇಳಿಸುವುದಿಲ್ಲ.

ಆಗ ಅಮ್ಮಿ 1980ರ ಫೆಬ್ರವರಿ 16ರ ಕಥೆ ತೆಗೆದರು. ಅಂದು ಶನಿವಾರ. ಕಾರವಾರದ ಕಡೆಯಿಂದ ಹುಬ್ಬಳ್ಳಿ, ಗದಗ ದಾಟಿ ರಾಯಚೂರಿನತ್ತ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಗಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದುರ್ಬೀನು ಹೂಡಿ ಕಾದಿದ್ದರು. ಹುಬ್ಬಳ್ಳಿಯ ಓಣಿಗಳಲ್ಲಿ ಮಾತ್ರ ಬಾಗಿಲು ಕಿಟಕಿ ಮುಚ್ಚಿದ್ದವು. ಅಮ್ಮಿಯ ಹೊಟ್ಟೆಯಲ್ಲಿ ಆಗ ನಾನಿದ್ದೆ. ಗ್ರಹಣದ ಬೆಳಕು ತಾಗಿದರೆ ಮಗುವಿನ ತುಟಿ ಸೀಳುತ್ತದೆ ಎಂದು ಅಕ್ಕಪಕ್ಕದವರು ಹೆದರಿಸಿದ್ದರಂತೆ. ಸೂರ್ಯ ಚಂದ್ರರಿಗೆ ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿಯವರು(ಸ) ತಮ್ಮ ಮಗ ತೀರಿಕೊಂಡ ದಿನವೇ ಹೇಳಿದ್ದರು. ಆದರೂ ನಮ್ಮ ಮನೆಗಳಿಗೆ ಈ ಭಯ ಎಲ್ಲಿಂದಲೋ ಬಂದು ಕೂತಿದೆ.

“ಕತ್ತಲೆಯ ಕೋಣೆಯಲ್ಲಿ ಕೂಡಿಸಿದ್ದರು. ಆದರೂ ಬೆಳಕು ಬಂತು” ಎಂದರು ಅಮ್ಮಿ. ಪತ್ರಾಸಿನ ಮನೆ, ಅಲ್ಲಲ್ಲಿ ಮೊಳೆಯ ತೂತು. ಪರ್ಸಿಯ ಮೇಲೆ ಎಂದಿನ ದುಂಡು ಬಿಸಿಲ ಚುಕ್ಕೆಗಳ ಬದಲು ಸಾಲು ಸಾಲು ಹಿಲಾಲ್‌ಗಳು, ಈದ್ ಚಂದ್ರನಂಥವು. ಹೆದರಿ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡೆ ಎಂದರು. ನಲವತ್ತಕ್ಕೂ ಹೆಚ್ಚು ವರ್ಷ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಹೆದರುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸಣ್ಣ ತೂತಿನ ಮೂಲಕ ಬರುವ ಬೆಳಕು ಸೂರ್ಯನ ಆಕಾರವನ್ನೇ ನೆಲದ ಮೇಲೆ ಬರೆಯುತ್ತದೆ. ಅರ್ಧ ಮುಚ್ಚಿದ ಸೂರ್ಯ ಹಿಲಾಲ್ ಆಗಿ ಬೀಳುತ್ತಾನೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಥಮ್ ಸುಮಾರು ಸಾವಿರ ವರ್ಷಗಳ ಹಿಂದೆ ಇದೇ ವಿಷಯದ ಮೇಲೆ, ಗ್ರಹಣದ ಆಕಾರದ ಬಗ್ಗೆ, ಪ್ರತ್ಯೇಕ ಪ್ರಬಂಧವನ್ನೇ ಬರೆದಿದ್ದಾರೆ. ಅಮ್ಮಿಯ ಪರ್ಸಿಯ ಮೇಲೆ ಬಿದ್ದ ಆ ಬೆಳಕು ಸೂರ್ಯನನ್ನು ಬಿಟ್ಟು ಎಂಟು ನಿಮಿಷವಾಗಿತ್ತು. ಚಂದ್ರನ ಅಂಚನ್ನು ಸವರಿ ಬಂದು ಒಂದು ಸೆಕೆಂಡಿಗೆ ತುಸು ಹೆಚ್ಚು. ಅಷ್ಟು ದೂರದ ಖಾಲಿಯಲ್ಲಿ ಅದರ ಗೆರೆ ಎಲ್ಲೂ ಕದಡಿರಲಿಲ್ಲ.

ಇನ್ನು ಆ ಹುಡುಗಿಯ ಎರಡನೇ ಪ್ರಶ್ನೆ: ಯಾವುದರ ಮೇಲೆ ಬರುತ್ತದೆ? ನೀರಿಲ್ಲದೆ ಅಲೆಯಿಲ್ಲ, ಆದ್ದರಿಂದ ಬೆಳಕಿನ ಅಲೆಗೂ ಏನೋ ಒಂದು ಆಧಾರ ಬೇಕೇಬೇಕು ಎಂದು ಹತ್ತೊಂಬತ್ತನೇ ಶತಮಾನದ ದೊಡ್ಡ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. ಅದಕ್ಕೆ ‘ಈಥರ್’ ಎಂದು ಹೆಸರನ್ನೂ ಇಟ್ಟಿದ್ದರು. 1887ರಲ್ಲಿ ಅಮೆರಿಕದ ಮೈಕಲ್ಸನ್ ಮತ್ತು ಮಾರ್ಲೆ ಬಹಳ ನಾಜೂಕಾದ ಪ್ರಯೋಗ ಮಾಡಿದರು. ಈಥರಿನ ಸುಳಿವೇ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲ ಎಂದರು. ಬೆಳಕೆಂದರೆ ವಿದ್ಯುತ್ ಮತ್ತು ಅಯಸ್ಕಾಂತದ ಪ್ರಭಾವಗಳ ಏರಿಳಿತ. ಒಂದು ಬದಲಾದರೆ ಇನ್ನೊಂದು ಹುಟ್ಟುತ್ತದೆ, ಅದು ಬದಲಾದರೆ ಮತ್ತೆ ಮೊದಲನೆಯದು. ಹೊರಗಿನ ಆಧಾರವಿಲ್ಲದೆ ಹೀಗೇ ಮುಂದೆ ಸಾಗುತ್ತದೆ. ಖಾಲಿಯಲ್ಲಿ ಅದರ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ನೀರಿನಲ್ಲಿ ಅದರ ಮುಕ್ಕಾಲು ಭಾಗದಷ್ಟೇ, ಗಾಜಿನಲ್ಲಿ ಇನ್ನೂ ಕಡಿಮೆ. ಎಂದರೆ ವಸ್ತುಗಳು ಬೆಳಕಿಗೆ ದಾರಿ ಮಾಡಿಕೊಡುವುದಿಲ್ಲ, ತಡ ಮಾಡಿಸುತ್ತವೆ!

ರೇಡಿಯೋ ಅಲೆಯೂ ಇದೇ ಮನೆತನದ್ದು. 2023ರ ಸೆಪ್ಟೆಂಬರ್ 2ರಂದು ಹಾರಿದ ನಮ್ಮ ಆದಿತ್ಯ ಎಲ್-1 ನೌಕೆ 2024ರ ಜನವರಿ 6ರಂದು ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು. ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ತಯಾರಾದ ಅದರ ಮುಖ್ಯ ಉಪಕರಣ ಸೂರ್ಯನ ಬಿಂಬವನ್ನು ತಾನೇ ಮರೆಮಾಡಿ, ಸುತ್ತಲಿನ ಪ್ರಭೆಯನ್ನು ಗ್ರಹಣದ ದಿನದಂತೆ ನೋಡುತ್ತದೆ. ಅದನ್ನು ಮಾಡಿದ್ದು 1980ರಲ್ಲಿ ಜವಳಗೇರಾದಲ್ಲಿ ಕಾದಿದ್ದ ಅದೇ ಸಂಸ್ಥೆ. ಅಷ್ಟು ದೂರದಿಂದ ಅದು ಕಳಿಸುವ ಸುದ್ದಿ ಐದೇ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ.

ಈದ್ ರಜೆ ಮುಗಿದ ಮೇಲೆ ಒಡೆದ ರಿಫಿಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಂಬತ್ತನೇ ತರಗತಿಗೆ ಹೋದೆ. ಅಂದು ನನಗೆ ಉತ್ತರ ಗೊತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿದೆ. ಫ್ಲಾಸ್ಕಿನ ಕಥೆ ಹೇಳಿದೆ, ಅಮ್ಮಿಯ ಹಿಲಾಲ್‌ಗಳ ಕಥೆಯನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ರಿಫಿಲ್ಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. “ಸರ್, ಖಾಲಿ ಜಾಗದಾಗ ಹೊಂಟ ಬೆಳಕು ದಣಿಯಂಗಿಲ್ಲೇನ್ರಿ?” ಎಂದಳು. ಇಲ್ಲ, ದೂರ ಹೋದಂತೆ ಹರಡಿಕೊಂಡು ಮಂಕಾಗಿ ಕಾಣುತ್ತದೆ, ಆದರೆ ತಡೆಯುವಂಥದ್ದು ಸಿಗುವವರೆಗೆ ವೇಗ ಕುಗ್ಗುವುದಿಲ್ಲ ಎಂದೆ. ಈ ಉತ್ತರವನ್ನು ಹಿಂದಿನ ರಾತ್ರಿಯೇ ಓದಿಕೊಂಡು ಹೋಗಿದ್ದೆ.

2027ರ ಆಗಸ್ಟ್ 2ರಂದು ಮತ್ತೊಂದು ಗ್ರಹಣವಿದೆ. ಮಕ್ಕಾದಲ್ಲಿ ಅದು ಪೂರ್ಣ ಗ್ರಹಣ, ನಮ್ಮ ದೇಶದ ಪಶ್ಚಿಮ ಭಾಗಕ್ಕೆ ಪಾರ್ಶ್ವ. ಬರಿಗಣ್ಣಿನಿಂದ ಸೂರ್ಯನನ್ನು ನೋಡುವಂತಿಲ್ಲ, ಅದು ಯಾವ ಗ್ರಹಣಕ್ಕೂ ಸಲ್ಲುವ ಮಾತು. ಅಮ್ಮಿ ಪೂರಿ ಕರಿಯುವ ಝಾರಾ ಒಂದನ್ನು ಈಗಲೇ ಎತ್ತಿಟ್ಟಿದ್ದಾರೆ. ಅಂಗಳದಲ್ಲಿ ಅದನ್ನು ಬಿಸಿಲಿಗೆ ಹಿಡಿದು, ನೆಲದ ಮೇಲೆ ಬೀಳುವ ಹಿಲಾಲ್‌ಗಳನ್ನು ಸೊಸೆಗೂ ಮೊಮ್ಮಕ್ಕಳಿಗೂ ತೋರಿಸುತ್ತಾರಂತೆ. ಆಗಸ್ಟಿನಲ್ಲಿ ಹುಬ್ಬಳ್ಳಿಗೆ ಮೋಡ ಕವಿದಿರುತ್ತದಲ್ಲ ಎಂದರೆ, “ಆಗ ನೋಡೋಣ” ಎನ್ನುತ್ತಾರೆ.