ತೆರೆಯ ಮೇಲಿನ ತಿನಿಸು, ಮಕ್ಕಳ ತಿಳಿವು

ಊಟದ ತಟ್ಟೆಯ ಮುಂದೆ ಕುಳಿತ ಮಗು ದೂರದರ್ಶನದ ತೆರೆಯತ್ತ ಕಣ್ಣು ನೆಟ್ಟಿರುವುದು ಇಂದು ಶ್ರೀರಂಗಪಟ್ಟಣದ ಪೇಟೆಯ ಮನೆಗೂ ನಾಗಮಂಗಲದ ಹಳ್ಳಿಯ ಮನೆಗೂ ಸಮಾನವಾದ ನೋಟ. ಮಗು ಏನನ್ನು ನೋಡುತ್ತಿದೆ ಎಂಬುದು ತಾಯಿತಂದೆಗಳಿಗೆ ಗೊತ್ತು. ನೋಡಿದ್ದನ್ನು ಅದು ಹೇಗೆ ಅರ್ಥಮಾಡಿಕೊಳ್ಳುತ್ತಿದೆ ಎಂದು ವಿಚಾರಿಸಿದವರು ವಿರಳ. ಅದರಲ್ಲಿಯೂ ತಿನಿಸು ಪಾನೀಯಗಳ ಜಾಹೀರಾತಿನ ವಿಷಯದಲ್ಲಿ ಈ ವಿಚಾರಣೆ ಅಗತ್ಯವಾಗಿ ನಡೆಯಬೇಕಾಗಿದೆ.

ದೂರದರ್ಶನವು ವಾಣಿಜ್ಯ ಜಾಹೀರಾತುಗಳಿಗೆ ಬಾಗಿಲು ತೆರೆದದ್ದು 1976ರಲ್ಲಿ. 1984ರ ‘ಹಮ್ ಲೋಗ್’ ಧಾರಾವಾಹಿಗೆ ಪ್ರಾಯೋಜಕತ್ವ ನೀಡಿದ್ದು ಆಗತಾನೆ ನಮ್ಮ ದೇಶಕ್ಕೆ ಬಂದಿದ್ದ ಮ್ಯಾಗಿ. ಧಾರಾವಾಹಿ ಹಿಂದಿಯದು, ಜಾಹೀರಾತೂ ಹಿಂದಿಯದು. ನಮ್ಮ ಹಳ್ಳಿಯ ಮಗುವಿಗೆ ಚಿತ್ರ ಕಂಡರೂ ಮಾತು ದಕ್ಕುತ್ತಿರಲಿಲ್ಲ. 1994ರಲ್ಲಿ ಉದಯ ವಾಹಿನಿಯೂ 2009ರಲ್ಲಿ ಮಕ್ಕಳಿಗಾಗಿಯೇ ಚಿಂಟು ವಾಹಿನಿಯೂ ಬಂದ ಮೇಲೆ ಆ ತಡೆ ಕಳಚಿತು. ಜಾಹೀರಾತು ಕನ್ನಡ ಮಾತನಾಡತೊಡಗಿತು.

ಮಗುವಿನ ತಿಳಿವು ಒಮ್ಮೆಲೇ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘವು ನೇಮಿಸಿದ್ದ ತಜ್ಞರ ತಂಡವೊಂದು 2004ರಲ್ಲಿ, ಅದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ವರದಿ ನೀಡಿತು. ನಾಲ್ಕೈದು ವರ್ಷದೊಳಗಿನ ಮಕ್ಕಳು ಕಾರ್ಯಕ್ರಮ ಎಲ್ಲಿ ನಿಂತಿತು, ಜಾಹೀರಾತು ಎಲ್ಲಿ ತೊಡಗಿತು ಎಂಬುದನ್ನು ನಿಶ್ಚಿತವಾಗಿ ಗುರುತಿಸಲಾರರು. ಆನಂತರ ಗುರುತಿಸಬಲ್ಲರಾದರೂ, ಏಳೆಂಟು ವರ್ಷದವರೆಗೆ ‘ಇದು ನಮ್ಮಿಂದ ಕೊಳ್ಳಿಸಲೆಂದೇ ಮಾಡಿದ್ದು’ ಎಂಬ ಹುನ್ನಾರ ಅವರಿಗೆ ಹೊಳೆಯುವುದಿಲ್ಲ. ಕೇಳಿದ್ದನ್ನು ನಿಜವೆಂದೇ ನಂಬುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿಕೊಂಡ ಜಾಹೀರಾತನ್ನು ನಿರ್ಬಂಧಿಸಬೇಕೆಂದು ಆ ತಂಡ ಶಿಫಾರಸು ಮಾಡಿತು. ಸ್ವೀಡನ್ ದೇಶವು 1991ರಲ್ಲಿಯೇ ಹನ್ನೆರಡು ವರ್ಷದೊಳಗಿನವರನ್ನು ಗುರಿಯಾಗಿಸಿದ ದೂರದರ್ಶನ ಜಾಹೀರಾತನ್ನು ನಿಷೇಧಿಸಿದೆ.

ಹಾಗಾದರೆ ಐದನೆಯ ತರಗತಿ ದಾಟಿದ ಮಗು ಸುರಕ್ಷಿತವೆ? ಆ ವಯಸ್ಸಿನ ಮಕ್ಕಳನ್ನು ಮಾತನಾಡಿಸಿ ನೋಡಿರಿ. ಮುಂಬಯಿಯಲ್ಲಿ ತಯಾರಾದ ಜಾಹೀರಾತಿನ ತುಟಿಯ ಚಲನೆಗೂ ಕನ್ನಡದ ಮಾತಿಗೂ ಹೊಂದಿಕೆಯಿಲ್ಲವೆಂದು ನಗುತ್ತಾರೆ. ಬ್ಯಾಟು ಬೀಸುವ ಆಟಗಾರನಿಗೆ ಹಣ ಕೊಟ್ಟಿರುತ್ತಾರೆಂದೂ ಹೇಳಬಲ್ಲರು. ಆದರೂ ಶಾಲೆ ಬಿಟ್ಟೊಡನೆ, ಪೆಟ್ಟಿಗೆ ಅಂಗಡಿಯಲ್ಲಿ ಸರವಾಗಿ ತೂಗುವ ಐದು ರೂಪಾಯಿಯ ಪೊಟ್ಟಣದತ್ತಲೇ ಕೈ ಚಾಚುತ್ತದೆ. ತಿಳಿದಿರುವುದು ಬೇರೆ, ಆಸೆ ಹುಟ್ಟಿದ ಗಳಿಗೆಯಲ್ಲಿ ಆ ತಿಳಿವು ನೆನಪಾಗುವುದು ಬೇರೆ. ಹಿರಿಯರ ಪಾಡೂ ಇದಕ್ಕಿಂತ ಉತ್ತಮವೇನಲ್ಲವೆನ್ನಿ!

ಮಕ್ಕಳು ನಟನೆಯನ್ನು ಅಳೆಯಬಲ್ಲರು, ಹಾಡನ್ನು ಅಳೆಯಬಲ್ಲರು. ಡಬ್ಬಿಯೊಳಗಿನ ಪದಾರ್ಥವನ್ನು ಅಳೆಯುವ ಅಳತೆಗೋಲು ಮಾತ್ರ ಅವರ ಕೈಯಲ್ಲಿಲ್ಲ. ನಮ್ಮ ಸೀಮೆಯ ಮಟ್ಟಿಗೆ ಇದು ಸೋಜಿಗವೇ ಸರಿ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ವಿಶ್ವೇಶ್ವರಯ್ಯ ನಾಲೆ, ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ನಾಲೆ ಹರಿದಲ್ಲೆಲ್ಲ ಕಬ್ಬಿನ ಗದ್ದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವುದನ್ನು ಆಲೆಮನೆಯಲ್ಲಿ ನಿಂತು ನೋಡಿದ ಮಕ್ಕಳು ಇವರು. ಸಕ್ಕರೆ ಎಲ್ಲಿಂದ ಬರುತ್ತದೆಂದು ನಗರದ ಮಕ್ಕಳಿಗಿಂತ ಚೆನ್ನಾಗಿ ಬಲ್ಲರು. ಅದೇ ಸಕ್ಕರೆ ಬಣ್ಣದ ಡಬ್ಬಿಯಲ್ಲಿ ‘ಶಕ್ತಿ’ ಎಂಬ ಹೆಸರು ಹೊತ್ತು ಮರಳಿ ಬಂದರೆ ಅವರಿಗೆ ಗುರುತು ಹತ್ತುವುದಿಲ್ಲ.

ಬೋರ್ನ್‌ವಿಟಾ ಪ್ರಕರಣವನ್ನೇ ನೋಡಬಹುದು. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬುವರು ಈ ಪುಡಿಯಲ್ಲಿರುವ ಸಕ್ಕರೆಯ ಪ್ರಮಾಣವನ್ನು ಕುರಿತ ವಿಡಿಯೋ ಒಂದನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಕಂಪನಿಯಿಂದ ವಕೀಲರ ನೋಟೀಸು ಬಂದಾಗ ಅದನ್ನು ಹಿಂತೆಗೆದುಕೊಂಡರು. ಆ ವೇಳೆಗೆ ವಿಷಯ ದೇಶದ ಉದ್ದಗಲಕ್ಕೂ ಹರಡಿತ್ತು. ಅದೇ ತಿಂಗಳು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ದಾರಿತಪ್ಪಿಸುವ ಜಾಹೀರಾತು, ಪೊಟ್ಟಣ, ಚೀಟಿಗಳನ್ನು ಹಿಂಪಡೆಯುವಂತೆ ಕಂಪನಿಗೆ ಬರೆಯಿತು. ಕಂಪನಿಯು ಆ ವರ್ಷದ ಕೊನೆಗೆ ನೂರು ಗ್ರಾಂ ಪುಡಿಯಲ್ಲಿನ ಸೇರಿಸಿದ ಸಕ್ಕರೆಯನ್ನು 37.4 ಗ್ರಾಂನಿಂದ 32.2 ಗ್ರಾಂಗೆ ಇಳಿಸಿತು. 2024ರ ಏಪ್ರಿಲ್ 10ರಂದು ಕೇಂದ್ರ ವಾಣಿಜ್ಯ ಸಚಿವಾಲಯವು, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿ ‘ಆರೋಗ್ಯ ಪಾನೀಯ’ ಎಂಬ ವರ್ಗವೇ ಇಲ್ಲವೆಂಬ ಆಯೋಗದ ಮಾತನ್ನು ಎತ್ತಿಹಿಡಿದು, ಇಂತಹ ಪಾನೀಯಗಳನ್ನು ಆ ಹೆಸರಿನಡಿ ಮಾರಬಾರದೆಂದು ಅಂತರ್ಜಾಲ ಮಾರಾಟ ತಾಣಗಳಿಗೆ ಸೂಚಿಸಿತು. ಅದೇ ತಿಂಗಳು ಹಾರ್ಲಿಕ್ಸ್ ಕೂಡ ‘ಆರೋಗ್ಯ’ ಎಂಬ ಮಾತನ್ನು ಬಿಟ್ಟು ‘ಪೌಷ್ಟಿಕ ಪಾನೀಯ’ಗಳ ಸಾಲಿಗೆ ಸೇರಿತು. ದಶಕಗಳ ಕಾಲ ನಾವು ನಂಬಿದ್ದ ಹೆಸರೊಂದು ಹೀಗೆ ಕಳಚಿತು.

ಲೆಕ್ಕ ಕಠಿಣವೇನಲ್ಲ. ಒಂದು ಲೋಟ ಹಾಲಿಗೆ 20 ಗ್ರಾಂ ಪುಡಿ ಎಂದರೆ ಇಳಿಸಿದ ಪ್ರಮಾಣದಲ್ಲಿಯೂ ಸುಮಾರು ಆರೂವರೆ ಗ್ರಾಂ ಸಕ್ಕರೆ. ದಿನಕ್ಕೆ ಎರಡು ಲೋಟವಾದರೆ ಹದಿಮೂರು ಗ್ರಾಂ. ಅದರ ಮೇಲೆ ಅಜ್ಜಿಯ ಅಕ್ಕರೆಯ ಒಂದು ಚಮಚ ಬೇರೆ! ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ ದಿನದ ಶಕ್ತಿಯಲ್ಲಿ ಇಂತಹ ಸಕ್ಕರೆಯ ಪಾಲು ಶೇಕಡ 10ನ್ನು ಮೀರಬಾರದು, ಶೇಕಡ 5ರೊಳಗಿದ್ದರೆ ಮೇಲು. 1,700 ಕ್ಯಾಲೊರಿ ಬೇಕಾದ ಎಂಟು ವರ್ಷದ ಮಗುವಿಗೆ ಆ ಶೇಕಡ 5 ಎಂದರೆ 21 ಗ್ರಾಂ ಮಾತ್ರ. ನಾಲ್ಕನೆಯ ತರಗತಿಯ ಮಗು ಈ ಗುಣಾಕಾರವನ್ನು ತಾನೇ ಮಾಡಬಲ್ಲದು. ಡಬ್ಬಿಯ ಹಿಂಬದಿಯ ಚೀಟಿಯನ್ನು ಅದರ ಮುಂದಿಟ್ಟು, ಕಾಗದ ಪೆನ್ಸಿಲು ಕೊಟ್ಟರಾಯಿತು. ‘ಅದು ಕೆಟ್ಟದ್ದು, ಕೇಳಬೇಡ’ ಎಂಬ ಗದರಿಕೆಗಿಂತ ಈ ಲೆಕ್ಕ ಹೆಚ್ಚು ಕೆಲಸ ಮಾಡೀತೆಂದು ನನ್ನ ನಂಬಿಕೆ.

ಇಂತಹ ಪಾನೀಯಗಳ ಜಾಹೀರಾತು ಮಗುವನ್ನು ಕುಣಿಸುತ್ತದೆಯಾದರೂ ಮಾತನಾಡುವುದು ತಾಯಿಯೊಡನೆ. ಮಗು ಎತ್ತರ ಬೆಳೆಯದಿದ್ದರೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಎಂಬ ಅಳುಕೇ ಅದರ ಬಂಡವಾಳ. 2008ರಲ್ಲಿ ಹಾರ್ಲಿಕ್ಸ್‌ನ ಇಂಥದೊಂದು ಜಾಹೀರಾತು, ಮಕ್ಕಳು ಎತ್ತರವೂ ಬಲಿಷ್ಠರೂ ಚುರುಕೂ ಆಗುತ್ತಾರೆಂಬ ಮಾತಿನೊಡನೆ, ಬ್ರಿಟನ್ನಿನ ನೇಪಾಳಿ ವಾಹಿನಿಯೊಂದರಲ್ಲಿ ಪ್ರಸಾರವಾಯಿತು. ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದನ್ನು ತಡೆಯಿತು. ಅದು ಬ್ರಿಟನ್ನಿಗೆಂದು ಮಾಡಿದ ಜಾಹೀರಾತೇ ಅಲ್ಲವೆಂದು ಕಂಪನಿ ಸಮಜಾಯಿಷಿ ನೀಡಿತು. ಅಲ್ಲಿನ ತಾಯಿಗೆ ಹೇಳಲಾಗದ ಮಾತನ್ನು ಇಲ್ಲಿನ ತಾಯಿಗೆ ಹೇಳಬಹುದೆ?

ನಾಗಮಂಗಲದ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ರಾಗಿಯ ಪರವಾಗಿ ಜಾಹೀರಾತು ಹಾಡುವವರಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಆಫ್ರಿಕದ ತಳಿಗಳೊಡನೆ ಬೆರೆಸಿ ರೂಪಿಸಿದ ಇಂಡಾಫ್ ರಾಗಿ ಎಷ್ಟು ಮನೆಗಳ ಕಣಜ ತುಂಬಿತೆಂಬುದನ್ನು ಹಿರಿಯರು ಬಲ್ಲರು. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿ ಸರಿಯಲ್ಲಿರುವುದು ಡಬ್ಬಿಯ ಮೇಲೆ ಬರೆದ ‘ಮಾಲ್ಟ್’ ಎಂಬುದೇ. ಹೀಗೆಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಅಡುಗೆಮನೆಯಲ್ಲಿ ಮಾಡಿ ತೋರಿಸಬೇಕು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಶಾಲೆಯ ಕ್ಷೀರಭಾಗ್ಯದ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿಯ ಮಿಶ್ರಣವನ್ನೂ ಕೊಡತೊಡಗಿತು.

ನಮ್ಮ ಸಮಾಜದ ಮಕ್ಕಳಿಗೆ ಇನ್ನೊಂದು ಅನುಕೂಲವುಂಟು. ನಾಗಮಂಗಲಕ್ಕೆ ಸಮೀಪದ ಎಡೆಯೂರಿನ ಸಿದ್ಧಲಿಂಗೇಶ್ವರ ಸನ್ನಿಧಿಯ ದಾಸೋಹದ ಪಂಕ್ತಿಯಲ್ಲಿ, ಬಡಿಸಿದ್ದನ್ನು ಹೆಸರು ಕೇಳದೆ ಪ್ರಸಾದವೆಂದು ಉಣ್ಣುವ ಮಗುವೇ ಮನೆಯಲ್ಲಿ ಇಂತಹದೇ ಬೇಕೆಂದು ಹಟ ಹಿಡಿಯುತ್ತದೆ. ಅಲ್ಲಿ ಉಂಡದ್ದಕ್ಕೂ ಇಲ್ಲಿ ಬೇಡುವುದಕ್ಕೂ ಏನು ವ್ಯತ್ಯಾಸವೆಂದು ಮಗುವನ್ನೇ ಕೇಳಬಹುದು. ಉತ್ತರಗಳು ಹಿರಿಯರನ್ನು ಬೆರಗುಗೊಳಿಸಿಯಾವು.

ಕಾನೂನಿನ ಆಸರೆಯೂ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜೂನ್ 9ರ ಮಾರ್ಗಸೂಚಿಯು, ಚಿಪ್ಸ್, ಸೋಡಾ ಪಾನೀಯ ಮೊದಲಾದವುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮದ ನಡುವೆಯಾಗಲಿ ಮಕ್ಕಳ ವಾಹಿನಿಯಲ್ಲಾಗಲಿ ಪ್ರಸಾರ ಮಾಡಬಾರದೆನ್ನುತ್ತದೆ. ಮಾರುವ ತಿನಿಸು ಸಹಜ ಅಥವಾ ಸಾಂಪ್ರದಾಯಿಕ ಆಹಾರಕ್ಕಿಂತ ಮೇಲೆಂಬ ಭಾವನೆ ಮೂಡಿಸಕೂಡದೆಂದೂ ವಿಧಿಸುತ್ತದೆ. ಶಾಲೆಯ ಆವರಣದಿಂದ 50 ಮೀಟರಿನೊಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳ ಮಾರಾಟವೂ ಪ್ರಚಾರವೂ ಸಲ್ಲದೆಂಬ ನಿಯಮ 2020ರದು. ಇವುಗಳನ್ನು ಮೀರಿದ ಜಾಹೀರಾತು ಕಣ್ಣಿಗೆ ಬಿದ್ದರೆ ವಾಹಿನಿಯ ಹೆಸರು, ದಿನ, ವೇಳೆಗಳನ್ನು ಮಕ್ಕಳ ಕೈಯಿಂದಲೇ ಬರೆಸಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ನೀಡಬಹುದು. ಅಲ್ಲಿ ಕನ್ನಡದಲ್ಲಿಯೂ ಉತ್ತರಿಸುತ್ತಾರೆ.